‘ಮೇ ಐ ಕಮ್ ಇನ್ ಸರ್’ ಒಂದೇ ಸಾಕೇನ್ರಪ್ಪಾ?

ಹಾಸ್ಟೆಲಿನ ಗೆಳೆಯರೆ,

ನಿಮ್ಮ ಟ್ರಂಕಿನ ತಳದಲ್ಲಿ ಒಂದು ಪುಸ್ತಕ ಇರುತ್ತೆ. ಮೂವತ್ತು ದಿನದಲ್ಲಿ ಇಂಗ್ಲಿಷ್ ಮಾತಾಡಿಸ್ತೀವಿ ಅನ್ನೋ ಥರದ್ದು. ಈಗ ಅದೇ ಪಾಠ ಮೊಬೈಲಿಗೂ ಬಂದಿದೆ. ಮೊದಲ ಹತ್ತು ಪುಟ ಕೈಬೆವರಿಗೆ ಮಾಸಿರುತ್ತೆ, ಮಿಕ್ಕಿದ್ದು ಅಂಗಡಿಯಿಂದ ತಂದ ಹಾಗೇ ಇರುತ್ತೆ. ನಮ್ಮ ಹುಡುಗರು ಸೋಮಾರಿಗಳು, ಅದಕ್ಕೇ ಹೀಗೆ ಅಂತಾರೆ ದೊಡ್ಡವರು. ಸುಳ್ಳು! ಆ ಪುಸ್ತಕದಲ್ಲಿ ಮಾತಾಡೋನು ಯಾರು ನೋಡಿ. ನೆಂಟರಿಗೆ ಕಾಫಿ ತರಿಸುವವನು, ದರ್ಜಿಗೆ ಸೂಟಿನ ಅಳತೆ ಕೊಡುವವನು, ಆಳನ್ನು ಕೂಗಿ ಲಗೇಜು ಎತ್ತಿಸುವವನು. ನಮ್ಮಪ್ಪಂದಿರಿಗೆ ಅಲ್ಲಿ ಜಾಗ ಇದ್ದರೆ ಆ ಲಗೇಜಿನ ಕೆಳಗೆ. ಅವನ ಬಾಯಿಗೆ ಪುಸ್ತಕ ಬರೆದವನು ಒಂದು ವಾಕ್ಯವನ್ನೂ ಇಟ್ಟಿಲ್ಲ.

ಶಾಲೆಯಲ್ಲಿ ನಾವೆಲ್ಲ ಮೊದಲು ಉರು ಹೊಡೆದ ಇಂಗ್ಲಿಷ್ ಮಾತು ಯಾವುದು? ‘ಮೇ ಐ ಕಮ್ ಇನ್ ಸರ್.’ ಹೊಸ್ತಿಲಾಚೆ ನಿಂತು ಅಪ್ಪಣೆ ಕೇಳೋದು! ಇದನ್ನು ಕಲಿಯೋಕೆ ನಮಗೆ ಇಂಗ್ಲಿಷ್ ಬೇಕಿತ್ತೇ? ನಮ್ಮ ತಾತ ಮುತ್ತಾತಂದಿರು ತಲೆತಲಾಂತರದಿಂದ ಅದನ್ನೇ ಕನ್ನಡದಲ್ಲಿ ಕೇಳಿಕೊಂಡು ಬಂದರಲ್ಲ.

ಕನ್ನಡದ ಮಾತು ಬಂತು, ಹೇಳಿಬಿಡ್ತೀನಿ. ತಾಯ್ನುಡಿ ತಾಯಿಯ ಹಾಲಿದ್ದಂತೆ ಅಂತ ನಮಗೆ ಭಾಷಣ ಮಾಡೋ ಮಹನೀಯರಲ್ಲಿ ಎಷ್ಟು ಜನರ ಮಕ್ಕಳು ಕಾನ್ವೆಂಟಿನ ಬಸ್ಸು ಹತ್ತುತ್ತಾರೆ ಅಂತ ನಮಗೆ ಗೊತ್ತಿಲ್ಲವೇ? ಅದೇ ಜನ ನಾವು ‘ಹಾಲು’ ಅನ್ನೋಕೆ ‘ಆಲು’ ಅಂದರೆ ಪಕ್ಕೆ ಹಿಡಿದುಕೊಂಡು ನಕ್ಕವರು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಅವರ ಕುರ್ಚಿ ಹೋಯಿತು, ಹಾಸ್ಟೆಲ್ ಹುಡುಗರ ಬೆನ್ನಿನ ಮೇಲೆ ಏಟು ಬಿತ್ತು. 2014ರಲ್ಲಿ ಸುಪ್ರೀಂ ಕೋರ್ಟು, ಮಗು ಯಾವ ಭಾಷೆಯಲ್ಲಿ ಓದಬೇಕು ಅಂತ ಆರಿಸೋ ಹಕ್ಕು ಹೆತ್ತವರದ್ದು ಅಂತು. ಹಕ್ಕೇನೋ ಸರಿ, ಕೂಲಿ ಮಾಡೋ ಅವ್ವ ಫೀಜು ಎಲ್ಲಿಂದ ತರಬೇಕು? 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯೋಕೆ ಹೊರಟಾಗ ಮಾತ್ರ ಕನ್ನಡ ಸಾಯುತ್ತೆ ಅನ್ನೋ ಕೂಗು ಕೇಳಿಸಿತು. ಕಾನ್ವೆಂಟುಗಳು ಬೀದಿಗೊಂದು ಎದ್ದಾಗ ಸಾಯದ ಕನ್ನಡ, ಕೇರಿ ಮಕ್ಕಳು ಎ ಬಿ ಸಿ ಡಿ ಅಂದ ಕೂಡಲೇ ಸಾಯುತ್ತಂತೆ!

ಕನ್ನಡ ನಮ್ಮದೇ. ಅದನ್ನ ಯಾರಪ್ಪನಿಗೂ ಬಿಟ್ಟುಕೊಡಬೇಕಾಗಿಲ್ಲ. ಆದರೆ ಊರ ಗೌಡನ ಹತ್ತು ವರ್ಷದ ಮಗ ನಮ್ಮ ಎಪ್ಪತ್ತರ ತಾತನಿಗೆ ‘ಬಾರೋ ಲೇ’ ಅಂತಾನೆ, ತಾತ ಅವನಿಗೆ ‘ಬುದ್ದೀ’ ಅಂತಾನೆ. ಇಂಗ್ಲಿಷಿನಲ್ಲಿ ಇಬ್ಬರೂ ‘ಯೂ’. ಅಷ್ಟಕ್ಕೇ ಕುಣಿದಾಡಬೇಡಿ. ಜಾತಿ ಬಲು ಬೇಗ ಇಂಗ್ಲಿಷ್ ಕಲಿಯುತ್ತೆ. ‘ವಾಟ್ ಈಸ್ ಯುವರ್ ಸರ್‌ನೇಮ್?’ ಅಂತ ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡೋನು ನಗ್ತಾ ಕೇಳ್ತಾನೆ. ‘ಆರ್ ಯೂ ವೆಜಿಟೇರಿಯನ್?’ ಅಂತಾನೆ. ಕಾಲೇಜಿನಲ್ಲಿ ‘ವಾಟ್ ವಾಸ್ ಯುವರ್ ರ‍್ಯಾಂಕ್?’ ಅಂತಾರೆ. ಮೂರೂ ಒಂದೇ ಪ್ರಶ್ನೆ. ಇದಕ್ಕೆ ತಿರುಗಿ ‘ವೈ ಡು ಯೂ ಆಸ್ಕ್?’ ಅನ್ನೋದನ್ನು ಯಾವ ಪುಸ್ತಕವೂ ಕಲಿಸಲ್ಲ. ನಾವೇ ಕಲೀಬೇಕು.

ಇಂಗ್ಲಿಷ್ ನಮಗೆ ಬರೋದೇ ಇಲ್ಲ ಅನ್ನೋದೂ ಬೂಸಾನೇ. ಬೀದಿ ಗುಡಿಸೋ ನಮ್ಮ ಅಕ್ಕಂದಿರನ್ನು ಕೇಳಿ. ಡ್ಯೂಟಿ, ಕಾಂಟ್ರಾಕ್ಟು, ಪರ್ಮನೆಂಟು, ಪಿ ಎಫ್. ಒಂದೊಂದು ಮಾತಿನ ಅರ್ಥವೂ ಅವರ ಹೊಟ್ಟೆಗೆ ಗೊತ್ತು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಶಿಫ್ಟು, ಶಾಫ್ಟು ಅನ್ನೋವು ಮನೆಮಾತುಗಳು. ನಮ್ಮ ಜನ ಪೆಟ್ಟು ತಿಂದೇ ಇಂಗ್ಲಿಷ್ ಕಲಿತವರು. ಅಲ್ಲಿಂದ ಶುರು ಮಾಡಿ, ದರ್ಜಿಯ ಸೂಟಿನಿಂದಲ್ಲ.

ಬಾಬಾಸಾಹೇಬರು ಏನು ಮಾಡಿದರು? ತಮ್ಮ ಜನರೊಂದಿಗೆ ಮಾತಾಡೋಕೆ 1920ರಲ್ಲಿ ‘ಮೂಕನಾಯಕ’ವನ್ನೂ 1927ರಲ್ಲಿ ‘ಬಹಿಷ್ಕೃತ ಭಾರತ’ವನ್ನೂ ಮರಾಠಿಯಲ್ಲಿ ತಂದರು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಯಲ್ಲಿ ಆಳುವವರ ಮುಖಕ್ಕೆ ಮುಖ ಕೊಟ್ಟು ಇಂಗ್ಲಿಷಿನಲ್ಲಿ ಮಾತಾಡಿದರು. ಯಾರಿಗೆ ಯಾವ ಭಾಷೆ ತಾಗುತ್ತೋ ಆ ಭಾಷೆ. ನಮ್ಮಲ್ಲಿ ಕೆಲವರು ನಾಲ್ಕು ಇಂಗ್ಲಿಷ್ ಮಾತು ಬಂದ ಕೂಡಲೇ ಅವ್ವನ ಫೋನು ಬಂದರೆ ಹೊರಗೆ ಎದ್ದು ಹೋಗ್ತಾರೆ, ಅವಳ ಮಾತು ಯಾರಿಗಾದರೂ ಕೇಳಿಸೀತು ಅಂತ. ಥೂ!

ಹಳ್ಳಿಯಲ್ಲಿ ಏಟು ಬೀಳೋದು ಕನ್ನಡದಲ್ಲಿ. ಹೊಡೆದವನಿಗೆ ಹೈಕೋರ್ಟಿನಲ್ಲಿ ಬೇಲ್ ಆರ್ಡರ್ ಬರೋದು ಇಂಗ್ಲಿಷಿನಲ್ಲಿ. ಬೇಲ್ ಕೊಡೋ ಮೊದಲು ನೊಂದವರ ಮಾತನ್ನೂ ಕೇಳಬೇಕು ಅಂತ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲೇ ತಿದ್ದುಪಡಿ ಆಗಿದೆ. ಆ ಕಾಗದ ಓದೋರು ಕೇರಿಯಲ್ಲಿ ಒಬ್ಬರಾದರೂ ಬೇಡವೇ? ಸರ್ಕಾರ ಕೊಟ್ಟ ದರಖಾಸ್ತು ಜಮೀನನ್ನು ಸಾಹುಕಾರ ನೂರಿನ್ನೂರಕ್ಕೆ ಬರೆಸಿಕೊಂಡ. 1978ರ ಕಾಯ್ದೆ ಅಂಥ ಪರಭಾರೆಗೆ ‘ನಲ್ ಅಂಡ್ ವಾಯ್ಡ್’ ಅನ್ನುತ್ತೆ. ಅಂದರೆ ಆ ಕ್ರಯ ಕಾನೂನಿನ ಮುಂದೆ ಇಲ್ಲವೇ ಇಲ್ಲ. ಮೂರೇ ಮಾತು, ಕಳೆದುಹೋದ ಎರಡೆಕರೆಯ ಬೆಲೆ ಅದಕ್ಕಿದೆ. ಇದನ್ನ ಉರು ಹೊಡೀರಿ.

ಊಟ ಆದ ಮೇಲೆ ರೂಮಿಗೆ ಇಬ್ಬಿಬ್ಬರು ಎದುರುಬದುರು ಕೂತುಕೊಳ್ಳಿ. ಒಬ್ಬ ಸ್ಕಾಲರ್‌ಷಿಪ್ ಕ್ಲರ್ಕು ಆಗಲಿ, ಇನ್ನೊಬ್ಬ ಅರ್ಜಿ ಹಿಡಿದು ನಿಲ್ಲಲಿ. ‘ಕಮ್ ಟುಮಾರೋ’ ಅಂತಾನೆ ಕ್ಲರ್ಕು. ‘ವಿಚ್ ರೂಲ್, ಸರ್?’ ಅನ್ನಿ. ‘ಪ್ಲೀಸ್ ಗಿವ್ ಇಟ್ ಇನ್ ರೈಟಿಂಗ್’ ಅನ್ನಿ. ವ್ಯಾಕರಣ ತಪ್ಪಿದರೆ ತಪ್ಪಲಿ, ‘ಸ್ಕೂಲು’ ‘ಇಸ್ಕೂಲು’ ಆದರೆ ಆಗಲಿ. ನಗೋನನ್ನು ಮಾತ್ರ ರೂಮಿನಿಂದ ಆಚೆ ಕಳಿಸಿ. ಮಾರನೇ ದಿನ ಇಬ್ಬರೂ ಆ ಆಫೀಸಿಗೇ ಹೋಗಿ. ಅರ್ಜಿ ಕೊಟ್ಟ ಮೇಲೆ ಕೈ ಮುಗಿದು ವಾಪಸು ಬರಬೇಡಿ. ‘ಅಕ್ನಾಲೆಡ್ಜ್‌ಮೆಂಟ್’ ಅನ್ನೋ ಮಾತು ನಾಲಗೆಗೆ ಕಷ್ಟ, ಎರಡು ಸಲ ತೊದಲಿದರೂ ಹೇಳಿ, ಸೀಲು ಒತ್ತಿಸಿಕೊಂಡು ಬನ್ನಿ.