ಕಾಕಮಾರಿಯ ಸಿಹಿ ಗುಳಿಗೆ

ಹಲಸೂರಿನ ಕಡೆಯ ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹದಿನೈದು ನಿಮಿಷದ್ದು. ಅಷ್ಟರಲ್ಲೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಾರಕ್ಕೆ ಎರಡು ಸಲವಾದರೂ ತಲೆಸುತ್ತಿ ಕೂತುಬಿಡುತ್ತಿದ್ದಳು. ಜೊತೆಗೆ ಓಕರಿಕೆ, ದಿನವಿಡೀ ಸುಸ್ತು. ತಾಯಿಯನ್ನು ಕರೆಸಿದೆ. ಆಕೆ ಚೀಲದಿಂದ ಪುಟ್ಟ ಸೀಸೆಯೊಂದನ್ನು ತೆಗೆದು ತೋರಿಸಿದರು.

"ಶಿವಾಜಿನಗರದಲ್ಲಿ ತಗೊಂಡಿದ್ದು ಸಾರ್. ನಾಲ್ಕು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ. ಇದರಿಂದ ತೊಂದರೆ ಏನೂ ಇಲ್ಲವಂತೆ."

ಸೀಸೆಯ ಮೇಲೆ 'ಕಾಕ್ಯುಲಸ್ ಇಂಡಿಕಸ್ 30' ಎಂದಿತ್ತು. ತಲೆಸುತ್ತು, ವಾಕರಿಕೆ, ಬಳಲಿಕೆಗೆ ಹೋಮಿಯೋಪತಿಯಲ್ಲಿ ಹೆಸರಾದ ಔಷಧ ಇದು.

ಹೆಸರು ಲ್ಯಾಟಿನ್ನಿನದಾದರೂ ಗಿಡ ನಮ್ಮದೇ. ಪಶ್ಚಿಮ ಘಟ್ಟದ ಕಾಡಿನಲ್ಲಿ ಮರಗಳ ಮೇಲೆ ಹಬ್ಬುವ ಕಾಕಮಾರಿ ಬಳ್ಳಿ, ಅಮೃತಬಳ್ಳಿಯ ಕುಟುಂಬಕ್ಕೆ ಸೇರಿದ್ದು. ಆದರೆ ಗುಣದಲ್ಲಿ ಅಮೃತವಲ್ಲ. ಕಾಗೆಯನ್ನು ಕೊಲ್ಲುವುದು ಎಂದೇ ಹೆಸರಿನ ಅರ್ಥ. ಬೀಜವನ್ನು ಅರೆದು ನೀರಿಗೆ ಹಾಕಿದರೆ ಮೀನುಗಳು ಮತ್ತೇರಿ ತೇಲುತ್ತವೆ. ಹಿಂದೆ ಇಂಗ್ಲೆಂಡಿನಲ್ಲಿ ನೀರಾದ ಬಿಯರಿಗೆ ಅಮಲು ಬರಿಸಲು ಇದನ್ನೇ ಕದ್ದು ಬೆರೆಸುತ್ತಿದ್ದರು. 1812ರಲ್ಲಿ ಫ್ರಾನ್ಸಿನ ಬುಲೆ ಎಂಬಾತ ಇದರಿಂದ ಪಿಕ್ರೊಟಾಕ್ಸಿನ್ ಎಂಬ ವಿಷವನ್ನು ಬೇರ್ಪಡಿಸಿದ. ನಮ್ಮ ಮಿದುಳಿನಲ್ಲಿ ನರಗಳ ಓಟಕ್ಕೆ ಬ್ರೇಕ್ ಹಾಕುವ 'ಗಾಬಾ' ಎಂಬ ರಾಸಾಯನಿಕವಿದೆ. ಈ ವಿಷ ಆ ಬ್ರೇಕನ್ನೇ ಕೆಡಿಸುತ್ತದೆ. ಮೊದಲು ತಲೆಸುತ್ತು, ವಾಂತಿ, ಹೆಚ್ಚಾದರೆ ಫಿಟ್ಸ್.

ಹಾಗಾದರೆ ವಿಷವನ್ನೇ ಔಷಧವಾಗಿ ಕೊಡುವುದೇಕೆ? ಆರೋಗ್ಯವಂತನಲ್ಲಿ ಯಾವ ಲಕ್ಷಣ ಹುಟ್ಟಿಸುತ್ತದೋ ರೋಗಿಯಲ್ಲಿ ಅದೇ ಲಕ್ಷಣವನ್ನು ವಾಸಿಮಾಡುತ್ತದೆ ಎಂಬುದು ಜರ್ಮನಿಯ ಹಾನೆಮನ್ ಹೇಳಿದ ಸೂತ್ರ. ನಮ್ಮ ನಾಡಿಗೆ ಈ ಪದ್ಧತಿ ಹೊಸದೇನಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದಿದ್ದರು. ವಿಷ ತಾಗದಂತೆ ತೆಳು ಮಾಡುವ ಲೆಕ್ಕದಲ್ಲೇ ತೊಡಕಿರುವುದು.

ಮಕ್ಕಳೇ, ಆ '30' ಏನೆಂದು ಲೆಕ್ಕ ಹಾಕೋಣ. ಒಂದು ಪಾಲು ಸಾರಕ್ಕೆ 99 ಪಾಲು ದ್ರಾವಕ ಬೆರೆಸಿದರೆ ಒಂದು ಹಂತ. ಅದರ ಒಂದು ಪಾಲಿಗೆ ಮತ್ತೆ 99 ಪಾಲು ಬೆರೆಸಿದರೆ ಎರಡನೆಯ ಹಂತ. ನಮ್ಮ ಹಲಸೂರು ಕೆರೆ 50 ಹೆಕ್ಟೇರ್, ಸರಾಸರಿ ಆಳ 2 ಮೀಟರ್ ಎಂದಿಟ್ಟುಕೊಳ್ಳಿ. ನೀರು 100 ಕೋಟಿ ಲೀಟರ್ ಆಯಿತು. ಲೀಟರಿಗೆ 20,000 ಹನಿ. ಇಡೀ ಕೆರೆಗೆ 20 ಹನಿ ಸಾರ ಹಾಕಿ ಕಲಕಿದರೆ ಅದು ಬರೀ ಆರನೆಯ ಹಂತ! ಅವೊಗಾಡ್ರೊ ಸಂಖ್ಯೆ ಓದಿದ ಯಾರಾದರೂ ಹೇಳಬಹುದು, ಹನ್ನೆರಡನೆಯ ಹಂತ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣು ಉಳಿಯುವುದೂ ಅನುಮಾನ. ಮೂವತ್ತನೆಯ ಹಂತದಲ್ಲಿ ಉಳಿಯುವುದು ಸಕ್ಕರೆ ಗುಳಿಗೆ ಮಾತ್ರ. ತೊಂದರೆ ಇಲ್ಲವೆಂದು ಆ ತಾಯಿ ಹೇಳಿದ್ದು ನಿಜವೇ. ತೊಂದರೆ ಮಾಡಲು ಅದರಲ್ಲಿ ಏನೂ ಇಲ್ಲ.

"ನಮ್ಮಕ್ಕನ ಮಗನಿಗೆ ಕೆ.ಆರ್. ಪುರಂ ಬಸ್ಸಿನಲ್ಲಿ ವಾಂತಿ ನಿಂತಿತಲ್ಲ ಸಾರ್?" ಎಂದರು ಆಕೆ. ನ್ಯಾಯವಾದ ಪ್ರಶ್ನೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಬಸ್ಸಿನಲ್ಲಿ ಪುಸ್ತಕ ಓದುವಾಗ ಕಣ್ಣು 'ಕೂತಿದ್ದೇವೆ' ಎನ್ನುತ್ತದೆ, ಕಿವಿ 'ಚಲಿಸುತ್ತಿದ್ದೇವೆ' ಎನ್ನುತ್ತದೆ. ಈ ಜಗಳದಿಂದಲೇ ವಾಕರಿಕೆ. ಕಿಟಕಿಯಾಚೆ ದೂರಕ್ಕೆ ನೋಡಿದರೆ, ಬಸ್ಸಿನಿಂದ ಇಳಿದರೆ ತಾನಾಗಿ ಶಮನವಾಗುತ್ತದೆ. ದಿನ ಕಳೆದಂತೆ ಪ್ರಯಾಣ ಅಭ್ಯಾಸವೂ ಆಗುತ್ತದೆ. ಕೀರ್ತಿ ಗುಳಿಗೆಗೆ ಹೋಗುತ್ತದೆ. ಅದಕ್ಕೇ ಒಬ್ಬರ ಅನುಭವ ಸಾಲದು, ಗುಳಿಗೆ ತಿಂದವರನ್ನೂ ತಿನ್ನದವರನ್ನೂ ಹೋಲಿಸಬೇಕು. ಅಂಥ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ, ಹೋಮಿಯೋಪತಿ ಫಲ ಕೊಡುತ್ತದೆ ಎನ್ನಲು ಯಾವ ರೋಗದಲ್ಲೂ ನಂಬಬಹುದಾದ ಆಧಾರವಿಲ್ಲ ಎಂದು 2015ರಲ್ಲಿ ಹೇಳಿತು.

ಆದರೆ ನಮ್ಮ ಹುಡುಗಿ ನಿಂತಿದ್ದು ಮೈದಾನದಲ್ಲಿ, ಬಸ್ಸಿನಲ್ಲಲ್ಲ. "ರಕ್ತ ಪರೀಕ್ಷೆ ಮಾಡಿಸಿ ತಾಯಿ" ಎಂದೆ. ಹಿಮೋಗ್ಲೋಬಿನ್ 8 ಗ್ರಾಂ ಇತ್ತು. 12 ಆದರೂ ಇರಬೇಕು. ಬೆಳಿಗ್ಗೆ ಅವಳ ಹೊಟ್ಟೆಗೆ ಬೀಳುತ್ತಿದ್ದುದು ಒಂದು ಲೋಟ ಟೀ. ವೈದ್ಯರು ಕಬ್ಬಿಣದ ಮಾತ್ರೆ, ಜಂತುಹುಳುವಿನ ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ಹುಡುಗಿ ಥ್ರೋಬಾಲ್ ತಂಡದಲ್ಲಿದ್ದಳು.

ಇವಳೊಬ್ಬಳ ಕತೆಯಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆಯಬೇಡಿ ಮಕ್ಕಳೇ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಊಟದ ಜೊತೆ ಟೀ ಬೇಡ, ಅದು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿ, ಅದು ನೆರವಾಗುತ್ತದೆ.

"ನಾಲ್ಕು ತಿಂಗಳು ಸುಮ್ಮನೆ ಹೋಯಿತಲ್ಲ ಸಾರ್" ಎಂದು ಆ ತಾಯಿ ಕಣ್ಣೊರೆಸಿಕೊಂಡರು. ಅವರ ಅಕ್ಕರೆಯಲ್ಲಿ ಏನೂ ಕೊರತೆಯಿರಲಿಲ್ಲ. ಪೋಷಕರಲ್ಲಿ ನನ್ನ ಬಿನ್ನಹ ಇಷ್ಟೇ: ತಲೆಸುತ್ತು ಎರಡು ವಾರವಾದರೂ ಬಿಡದಿದ್ದರೆ ಗುಳಿಗೆ ಬದಲಾಯಿಸುತ್ತ ಕೂರಬೇಡಿ, ಕಾರಣ ಹುಡುಕಿಸಿ. ಮೂರ್ಛೆ, ತೀವ್ರ ತಲೆನೋವು ಕಂಡರಂತೂ ಅಂದೇ ವೈದ್ಯರ ಬಳಿಗೆ ಹೋಗಿ.