ಅಭ್ಯಾಸ ಬೋಧನೆಯ ವರ್ಷ ನಾವೂ ಹೊಸದೊಂದನ್ನು ಕಲಿಯಬೇಕು

ಅಭ್ಯಾಸ ಬೋಧನೆ ಮುಗಿಸಿ ಬಂದ ನಮ್ಮ ತಂಡದವರ ದಿನಚರಿಗಳನ್ನು ತೆರೆದು ನೋಡಿದರೆ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ: 'ಕೆಲವು ವಿದ್ಯಾರ್ಥಿಗಳಿಗೆ ಆಸಕ್ತಿ ಇಲ್ಲ.' ನಾನೂ ಅದನ್ನು ಬರೆದಿದ್ದೇನೆ. ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ 'ಶಬ್ದ' ಘಟಕವನ್ನು ಬೋಧಿಸಿದ ವಾರ, ಹಿಂದಿನ ಬೆಂಚಿನ ಒಬ್ಬ ಹುಡುಗನ ಬಗ್ಗೆ ಬರೆದ ಮಾತದು. ಇಡೀ ತರಗತಿ ಒಟ್ಟಾಗಿ ವ್ಯಾಖ್ಯೆ ಹೇಳುವಾಗ ಅವನ ತುಟಿ ಅಲುಗಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದ.

ಆ ಸಾಲನ್ನು ನಾನು ಈಗ ದಿನಚರಿಯಲ್ಲಿ ಹೊಡೆದುಹಾಕಿದ್ದೇನೆ. ಹಾಗೆ ಮಾಡಿಸಿದ್ದು ಶಿಕ್ಷಣ ಮನೋವಿಜ್ಞಾನದ ಪುಸ್ತಕವಲ್ಲ, ತಿಕೋಟಾದ ಒಂದು ಭಜನಾ ಮೇಳ. ಆ ಅನುಭವದ ಮೇಲೆ ಒಂದು ಅಭಿಪ್ರಾಯವನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಬೋಧಿಸಲು ಕಲಿಯುವ ವರ್ಷದಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯೂ ತನಗೆ ಏನೂ ಬಾರದ ಒಂದು ವಿದ್ಯೆಯನ್ನು, ಅದನ್ನು ಚೆನ್ನಾಗಿ ಬಲ್ಲ ಹಿರಿಯರ ಹತ್ತಿರ ಕುಳಿತು ಕಲಿಯಬೇಕು.

ತಿಕೋಟಾದಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಅಥಣಿ ಕಡೆಯ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ಅಲ್ಲಿರುತ್ತೇನೆ. ಅವರ ಓಣಿಯ ಹನುಮಪ್ಪನ ಗುಡಿಯಲ್ಲಿ ಶನಿವಾರ ರಾತ್ರಿ ಭಜನೆ ಇರುತ್ತದೆ. ಪೇಟಿ, ತಬಲಾ, ದಮ್ಮಡಿ, ನಾಲ್ಕಾರು ಜೋಡಿ ತಾಳ. ಭಜನೆ ಶುರುವಾಗುವ ಮೊದಲು, ಸಂಜೆ ಎರಡು ತಾಸು ಹೊಸಬರಿಗೆ ಕಲಿಸಲು ಹಿರಿಯರು ಒಪ್ಪಿದ್ದರು. ಭಾನುವಾರ ಬೆಳಿಗ್ಗೆ ಮತ್ತೊಂದು ಸುತ್ತು. ಹೀಗೆ ಏಳು ವಾರ ನಡೆಯಿತು. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವಳು, ಎಂಟು ಮಾತ್ರೆಯ ಭಜನಿ ಠೇಕಾ ಎಂದರೆ ಎಷ್ಟರ ಲೆಕ್ಕ ಎಂದುಕೊಂಡು ಹೋಗಿದ್ದೆ. ಕೈಗೆ ತಾಳ ಬಂದ ಮೇಲೆ ಲೆಕ್ಕ ನೆನಪಿದ್ದರೂ ಕೈ ಕೇಳಲಿಲ್ಲ. ಪಲ್ಲ ಹೇಗೋ ದಾಟುತ್ತಿತ್ತು. ನುಡಿ ಬಂದು ಲಯ ಏರಿದ ಕೂಡಲೆ ನನ್ನ ತಾಳ ಉಳಿದವರಿಗಿಂತ ಮುಂದೆ ಓಡುತ್ತಿತ್ತು.

ಮೂರನೆಯ ಶನಿವಾರ ನಾನೊಂದು ಉಪಾಯ ಮಾಡಿದೆ. ಕಷ್ಟದ ಜಾಗ ಬಂದಾಗ ತಾಳಗಳನ್ನು ಒಂದಕ್ಕೊಂದು ತಾಗದಂತೆ ಆಡಿಸುವುದು. ನೋಡುವವರಿಗೆ ಬಾರಿಸಿದ ಹಾಗೆ ಕಾಣುತ್ತದೆ, ತಪ್ಪು ಮಾತ್ರ ಕೇಳುವುದಿಲ್ಲ. ಪೇಟಿ ಬಾರಿಸುವ ಅಜ್ಜನಿಗೆ ಅದು ಗೊತ್ತಾಯಿತು. ಪದ ಮುಗಿದ ಮೇಲೆ ಎಲ್ಲರೆದುರು ಏನೂ ಅನ್ನದೆ ಹತ್ತಿರ ಕರೆದು ಹೇಳಿದರು: "ತಪ್ಪಾದ್ರ ಆಗ್ಲಿ, ಬಾರ್ಸವ್ವಾ. ಎಂಟು ಮಂದಿ ಅದೀವಿ, ನಿನ್ನ ಒಂದ್ ತಪ್ಪು ನಾವು ಹೊರ್ತೀವಿ. ಸುಮ್ನ ಆಡಿಸಿದ್ರ ಮಾತ್ರ ಎಂದೂ ಬರೂದಿಲ್ಲ ನೋಡು."

ಆಗ ನೆನಪಾದದ್ದು ತುಟಿ ಮಾತ್ರ ಅಲ್ಲಾಡಿಸುತ್ತಿದ್ದ ಆ ಹುಡುಗ. ಅವನು ಮಾಡುತ್ತಿದ್ದುದು ನಾನು ಮಾಡಿದ್ದನ್ನೇ. ಅದು ನಿರಾಸಕ್ತಿಯಾಗಿರಲಿಲ್ಲ. ಆಸಕ್ತಿ ಇಲ್ಲದವನಿಗೆ ತುಟಿ ಅಲ್ಲಾಡಿಸುವ ಗರಜೂ ಇರುವುದಿಲ್ಲ. ಗುಂಪಿನಿಂದ ಹೊರಗೆ ಬೀಳಬಾರದು, ತಪ್ಪೂ ಕೇಳಿಸಬಾರದು ಎಂಬ ಒದ್ದಾಟ ಅದು. ನಾನು ಶಬ್ದದ ಆವೃತ್ತಿ, ಪಾರ ಎಂಬ ಪದಗಳನ್ನು ಮೊದಲು ಕೇಳಿ ಹತ್ತು ವರ್ಷವಾಗಿದೆ. ಅವು ತಿಳಿಯದೆ ಇದ್ದಾಗ ಹೇಗಿತ್ತು ಎಂಬುದನ್ನು ಪೂರ್ತಿ ಮರೆತು ಪಾಠಯೋಜನೆ ಬರೆದಿದ್ದೆ.

ಆ ಮೇಳದ ಹಿರಿಯರು ಕಲಿಸುವ ಕ್ರಮವನ್ನು ನಮ್ಮ ಕೌಶಲಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಮೊದಲೆರಡು ವಾರ ವಾದ್ಯವೇ ಇಲ್ಲ, ಬರೀ ಚಪ್ಪಾಳೆ. ನೋಟ್‌ಬುಕ್ ತೆಗೆದರೆ, "ಅದು ಆಮ್ಯಾಲ ಬರಿಯವ್ವಾ, ಮೊದಲ ಕೇಳು" ಎನ್ನುತ್ತಿದ್ದರು. ಹೊಸಬರನ್ನು ಹಿಂದೆ ಕೂಡಿಸುವುದಿಲ್ಲ. ಚೆನ್ನಾಗಿ ಬಲ್ಲವರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂಡಿಸುತ್ತಾರೆ, ಅವರ ಕೈ ನಮ್ಮ ಕಣ್ಣಿಗೆ ಬೀಳಲೆಂದು. ಮುಂದಿನವರು ಒಂದು ಸಾಲು ಹಾಡಿದರೆ ಉಳಿದವರು ಅದನ್ನೇ ತಿರುಗಿ ಹಾಡುವುದರಿಂದ ಪ್ರತಿ ಸಾಲೂ ಎರಡು ಸಲ ಕಿವಿಗೆ ಬೀಳುತ್ತದೆ. ತಪ್ಪಾದರೆ ಪದವನ್ನು ನಡುವೆ ನಿಲ್ಲಿಸುವುದಿಲ್ಲ. ಮುಗಿದ ಮೇಲೆ ತಪ್ಪಿದ ಅರ್ಧ ಸಾಲನ್ನಷ್ಟೇ ಲಯ ಇಳಿಸಿ ನಾಲ್ಕು ಸಲ ಮಾಡಿಸುತ್ತಾರೆ. ಮತ್ತೆ ಮೊದಲಿನ ಲಯಕ್ಕೆ ಒಯ್ಯುತ್ತಾರೆ.

ವೈಗೋಟ್‌ಸ್ಕಿಯ ಸಮೀಪಸ್ಥ ವಿಕಾಸ ವಲಯವನ್ನು ನಾವು ಪರೀಕ್ಷೆಗೆ ಬರೆಯುತ್ತೇವೆ. ಜೀನ್ ಲೇವ್ ಮತ್ತು ಎಟಿಯನ್ ವೆಂಗರ್ ಎಂಬಿಬ್ಬರು 1991ರಲ್ಲಿ ಪ್ರಕಟಿಸಿದ ಪುಸ್ತಕವೊಂದು, ದರ್ಜಿಗಳಂಥ ಕಸಬುದಾರರ ಬಳಿ ಹೊಸಬರು ಅಂಚಿನ ಸಣ್ಣ ಕೆಲಸದಿಂದ ಶುರುಮಾಡಿ ನಡುವಿನ ಕೆಲಸಕ್ಕೆ ಹೇಗೆ ಬರುತ್ತಾರೆ ಎಂಬುದನ್ನು ವಿವರಿಸುತ್ತದೆ. ಎರಡನ್ನೂ ನಾನು ಓದಿದ್ದೆ. ಆದರೆ ಆ ಅಂಚಿನಲ್ಲಿ ನಾನೇ ಕುಳಿತಾಗ ಮಾತ್ರ, ಅಲ್ಲಿಂದ ಒಳಗೆ ಬರಲು ಎಷ್ಟು ಧೈರ್ಯ ಬೇಕು, ಒಳಗಿನವರು ಎಷ್ಟು ಸರಿದು ಜಾಗ ಕೊಡಬೇಕು ಎಂಬುದು ತಿಳಿಯಿತು.

ನಡುವೆ ಎರಡು ಭಾನುವಾರ ಬಬಲೇಶ್ವರಕ್ಕೂ ಹೋಗಿದ್ದೆ. ಜಾತ್ರೆ, ಮದುವೆಗಳಲ್ಲಿ ಕರಡಿ ಮಜಲು ನುಡಿಸುವ ಹಿರಿಯರು ಅಲ್ಲಿದ್ದರು. ಅವರು ನನಗೆ ಕರಡಿ ಮುಟ್ಟಿಸಲೇ ಇಲ್ಲ. ತಾಳದವರ ಜೊತೆ ಹೆಜ್ಜೆ ಹಾಕಿ ನಡೆಯಲು ಹೇಳಿದರು. ಕಾಲಿಗೆ ಲಯ ಬಂದರೆ ಕೈಗೆ ಬರುತ್ತದೆ ಎಂಬುದು ಅವರ ವಾದ. ಎರಡು ಭಾನುವಾರಕ್ಕೆ ಕಾಲಿಗಷ್ಟೇ ಬಂತು.

ಇದೆಲ್ಲ ತರಗತಿಗೆ ಬಂತೇ ಎಂದು ಕೇಳಬಹುದು. ಸ್ವಲ್ಪ ಬಂತು. ಮಳೆಗಾಲದ ಸಂಜೆ ಮೆತ್ತಗಾದ ದಮ್ಮಡಿಯನ್ನು ಬೆಂಕಿಗೆ ಹಿಡಿದು ಕಾಸುವುದನ್ನು ತಿಕೋಟಾದಲ್ಲಿ ನೋಡಿದ್ದೆ. ಚರ್ಮದ ತೇವ ಆರಿ ಬಿಗಿಯಾದಂತೆ ಕಂಪನದ ಆವೃತ್ತಿ ಹೆಚ್ಚಿ ಸ್ಥಾಯಿ ಏರುತ್ತದೆ. ಜೋರಾಗಿ ಬಡಿದರೆ ಪಾರ ಹೆಚ್ಚಿ ಸದ್ದು ದೊಡ್ಡದಾಗುತ್ತದೆ, ಸ್ಥಾಯಿ ಏರುವುದಿಲ್ಲ. ಈ ಎರಡರ ವ್ಯತ್ಯಾಸವೇ ಮಕ್ಕಳು ಹೆಚ್ಚು ತಪ್ಪುವ ಜಾಗ. ಪುನರ್ಬೋಧನೆಯಲ್ಲಿ ಒಂದು ದಮ್ಮಡಿ ಒಯ್ದೆ. ವ್ಯಾಖ್ಯೆಯನ್ನು ನಾಲ್ಕು ನಾಲ್ಕು ಜನರ ಗುಂಪಿಗೆ ಹೇಳಿಸಿದೆ. ಪ್ರತಿ ಗುಂಪಿನಲ್ಲೂ ಬಲ್ಲವರ ಪಕ್ಕದಲ್ಲಿ ಬಾರದವರು ಕುಳಿತಿದ್ದರು. ತಪ್ಪು ಕೇಳಿದಾಗ ಹೆಸರು ಹಿಡಿದು ಎಬ್ಬಿಸಲಿಲ್ಲ, ಆ ತುಂಡನ್ನು ಗುಂಪಿಗೇ ಮತ್ತೆ ಕೊಟ್ಟೆ. ಆ ಹುಡುಗ ಮೂವರ ದನಿಯೊಳಗೆ ತನ್ನ ದನಿ ಸೇರಿಸಿದ, 'ಪಾರ' ಎನ್ನುವಲ್ಲಿ 'ಆವೃತ್ತಿ' ಎಂದ. ತಪ್ಪೇ. ಆದರೆ ನಾನು ಅವನ ತಪ್ಪನ್ನು ಕೇಳಿದ್ದು ಅದೇ ಮೊದಲು. ಕೇಳದ ತಪ್ಪನ್ನು ಯಾವ ಶಿಕ್ಷಕಿಯೂ ತಿದ್ದಲಾರಳು.

ಹಿರಿಯರ ಹತ್ತಿರ ಹೋಗಿ ಕುಳಿತು ಕಲಿಯುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲೇ ತೊರವಿ ಇದೆ. ಸ್ವತಃ ಸಂಗೀತಗಾರನಾಗಿದ್ದ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ಅದರ ಆಸುಪಾಸಿನಲ್ಲಿ ನವರಸಪುರ ಕಟ್ಟಲು ತೊಡಗಿದ. ಅರಸನ ಸಂಗೀತದ ಕುರುಹಾಗಿ ಈಗ ಕಲ್ಲು ಉಳಿದಿದೆ, ಓಣಿಯ ಭಜನೆ ಬಾಯಿಂದ ಬಾಯಿಗೆ ಬಂದಿದೆ. ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರಿಂದ ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾದವು. ಆ ಬಳಗದ ಸಿಂಪಿ ಲಿಂಗಣ್ಣನವರು ವೃತ್ತಿಯಿಂದ ಶಿಕ್ಷಕರು. ಓದು ಬಾರದವರೆದುರು ಶಿಕ್ಷಕರೊಬ್ಬರು ಕೇಳುಗರಾಗಿ ಕುಳಿತರು ಎಂಬುದು ನಮಗೆ ನೆನಪಿರಬೇಕು. ದೂರದ ಐರ್ಲೆಂಡಿನಲ್ಲೂ ಹೀಗೆಯೇ ಇದೆ. ಅಲ್ಲಿಯ ಮಿಲ್‌ಟೌನ್ ಮಾಲ್ಬೇ ಎಂಬ ಸಣ್ಣ ಊರಿನಲ್ಲಿ 1973ರಿಂದ ಪ್ರತಿ ಬೇಸಿಗೆ ವಿಲ್ಲಿ ಕ್ಲ್ಯಾನ್ಸಿ ಹೆಸರಿನ ಶಾಲೆ ನಡೆಯುತ್ತದೆ. ಹಗಲು ನುರಿತ ವಾದಕರ ಹತ್ತಿರ ಕುಳಿತು ಕಿವಿಯಿಂದ ಕಲಿಯುವುದು, ಸಂಜೆ ಹಿರಿ ಕಿರಿಯರು ಒಟ್ಟಾಗಿ ನುಡಿಸುವುದು ಅಲ್ಲಿಯ ಕ್ರಮ.

ಈ ಅಭಿಪ್ರಾಯಕ್ಕೆ ಬಂದ ಆಕ್ಷೇಪಗಳೂ ಇವೆ. ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ತಿಕೋಟಾವರೆಗೆ ಏಕೆ ಎಂದು ಗೆಳತಿಯೊಬ್ಬಳು ಕೇಳಿದಳು. ನಾನೂ ವಿಡಿಯೋ ನೋಡಿಯೇ ಶುರುಮಾಡಿದ್ದೆ. ವಿಡಿಯೋ ನನ್ನ ಕೈಯನ್ನು ನೋಡುವುದಿಲ್ಲ, ತಾಗದ ತಾಳವನ್ನು ಅದು ಹಿಡಿಯುವುದಿಲ್ಲ.

ಹಳೆಯ ಪದ್ಧತಿಯೇ ಶ್ರೇಷ್ಠ ಎಂದು ಹೇಳುತ್ತಿದ್ದೀಯಾ ಎಂದು ಇನ್ನೊಬ್ಬರು ಕೇಳಿದರು. ಖಂಡಿತ ಇಲ್ಲ. ಯಾವ ವಾದ್ಯ ಯಾರ ಮನೆತನದ ಕೈಯಲ್ಲಿರಬೇಕು ಎಂಬುದನ್ನು ಊರಿನ ರೂಢಿ ತೀರ್ಮಾನಿಸುತ್ತಿತ್ತು. ನಾನು ಹೋದ ಮೊದಲ ಸಂಜೆಯೇ, "ಹೆಣ್ಣುಮಕ್ಕಳಿಗೆ ಯಾಕ ಬೇಕ್ರೀ ಇದು" ಎಂಬ ಮಾತು ಬಂದಿತ್ತು. ಏಕೆ ಹೀಗೆ ಎಂದು ಕೇಳಿದರೆ ಅಲ್ಲಿ ಉತ್ತರ ಸಿಗುವುದು ಕಡಿಮೆ. ವಿಜ್ಞಾನದ ತರಗತಿಗೆ 'ಏಕೆ' ಎಂಬ ಪ್ರಶ್ನೆಯೇ ಜೀವ. ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರುವುದು ದೊಡ್ಡ ಗಳಿಕೆ, ಅದನ್ನು ಬಿಟ್ಟುಕೊಡುವ ಮಾತಿಲ್ಲ. ಆ ಬಾಗಿಲಿನೊಳಗೆ ಬಂದ ಮಗುವಿಗೆ ತಪ್ಪು ಮಾಡಲು ಜಾಗವಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಸಮಯವೆಲ್ಲಿದೆ ಎಂಬುದು ಗಟ್ಟಿಯಾದ ಆಕ್ಷೇಪ. ಎರಡು ವರ್ಷದ ಬಿಎಡ್‌ನಲ್ಲಿ ಕನಿಷ್ಠ 20 ವಾರ ಶಾಲಾ ಇಂಟರ್ನ್‌ಶಿಪ್ ಇದೆ. ಜೊತೆಗೆ ಪಾಠಯೋಜನೆ, ಚಾರ್ಟು, ಘಟಕ ಪರೀಕ್ಷೆ, ದಾಖಲೆಗಳು. ರಜೆಯಲ್ಲಿ ದುಡಿದು ಶುಲ್ಕ ಕಟ್ಟುವ ಸಹಪಾಠಿಗಳೂ ಇದ್ದಾರೆ. ಆದ್ದರಿಂದ ಇದನ್ನು ಹೊಸ ಹೊರೆಯಾಗಿ ಸೇರಿಸಬಾರದು. ಬಿಎಡ್‌ನಲ್ಲಿ ನಾಟಕ ಮತ್ತು ಕಲೆಯ ಪತ್ರಿಕೆ ಈಗಾಗಲೇ ಇದೆ. ಅದರ ಚಟುವಟಿಕೆಗಳ ಬದಲಿಗೆ ಆರು ವಾರಾಂತ್ಯಗಳನ್ನು ಲೆಕ್ಕಕ್ಕೆ ಹಿಡಿಯಬಹುದು. ವಿದ್ಯೆ ಸಂಗೀತವೇ ಆಗಬೇಕೆಂದಿಲ್ಲ. ಕಂಬಳಿ ನೇಯ್ಗೆ ಆಗಬಹುದು, ತಿಕೋಟಾದ ತೋಟದಲ್ಲಿ ದ್ರಾಕ್ಷಿ ಚಾಟ್ನಿ ಆಗಬಹುದು. ಪ್ರಶಿಕ್ಷಣಾರ್ಥಿಗೆ ಅದು ಪೂರಾ ಹೊಸತಾಗಿರಬೇಕು, ಕಲಿಸುವವರು ಎದುರಿಗೇ ಇರಬೇಕು.

ಇದರೊಂದಿಗೆ ಮೂರು ಸಣ್ಣ ಬದಲಾವಣೆಗಳನ್ನು ಸೂಚಿಸುತ್ತೇನೆ. ಒಂದು, ಆ ವಾರಾಂತ್ಯಗಳ ದಿನಚರಿಗೆ ಅಂಕ ಬೇಡ. ಅಂಕವಿದ್ದರೆ ಅಲ್ಲಿಯೂ ನಾವು ತಾಳ ತಾಗಿಸದೆ ಆಡಿಸುತ್ತೇವೆ. ಎರಡು, ಪಾಠ ಅವಲೋಕನದ ನಮೂನೆಯಲ್ಲಿ 'ಮಕ್ಕಳು ಎಲ್ಲಿ ತಪ್ಪಿದರು, ಆ ತಪ್ಪು ಹೇಗೆ ಹೊರಬಂತು' ಎಂಬ ಒಂದು ಕಾಲಂ ಇರಲಿ. ಈಗ ತಪ್ಪಿಲ್ಲದ ಪಾಠಕ್ಕೆ ನಾವು ಒಳ್ಳೆಯ ಅಂಕ ಕೊಡುತ್ತೇವೆ. ಮೂರು, ಕಲಿಸಿದ ಹಿರಿಯರಿಗೆ ಕಾಲೇಜು ಗೌರವಧನ ಕೊಡಲಿ. ಶಕ್ತಿ ಯೋಜನೆಯಿಂದ ನಮಗೆ, ಹೆಣ್ಣುಮಕ್ಕಳಿಗೆ, ಬಸ್ ಖರ್ಚಿಲ್ಲ. ಹುಡುಗರಿಗೆ ಅದನ್ನೂ ಕೊಡಬೇಕಾದೀತು. ರಾಜ್ಯೋತ್ಸವದ ದಿನ ಮೇಳವನ್ನು ಕರೆಸಿ, ಮೆರವಣಿಗೆ ಮಾಡಿಸಿ, ಶಾಲು ಹೊದಿಸಿ ಕಳಿಸುವುದನ್ನು ಕಂಡಿದ್ದೇನೆ. ಅವರು ಶಿಕ್ಷಕರು ಎಂಬುದು ಆ ದಿನ ಯಾರಿಗೂ ನೆನಪಾಗುವುದಿಲ್ಲ.

ಮುಂದಿನ ತಂಡದವರು ಇಂಟರ್ನ್‌ಶಿಪ್‌ಗೆ ಹೊರಡುವ ಮೊದಲೇ ಇದರ ಬಗ್ಗೆ ಉಪನ್ಯಾಸಕರು ಚರ್ಚೆಗೆ ಕರೆಯಲಿ ಎಂದು ವಿನಂತಿಸುತ್ತೇನೆ. ನನ್ನ ತಾಳ ಇನ್ನೂ ಪೂರ್ತಿ ಕೂತಿಲ್ಲ, ಎರಡನೆಯ ನುಡಿಗೆ ಲಯ ಏರುವಲ್ಲಿ ಈಗಲೂ ಮುಂದೆ ಓಡುತ್ತದೆ. ಆದರೆ ಈಗ ತಾಗಿಸಿಯೇ ಬಾರಿಸುತ್ತೇನೆ.