ಬೀಜಕ್ಕೂ ವಯಸ್ಸಾಗುತ್ತದೆ

ಒದ್ದೆ ಹತ್ತಿಯಲ್ಲಿ ಹೆಸರುಕಾಳಿಟ್ಟು ಮೊಳಕೆ ಬರಿಸುವ ಪ್ರಯೋಗವನ್ನು ನೀವೆಲ್ಲ ಮಾಡಿದ್ದೀರಿ. ಅಂಗಡಿಯಿಂದ ಹೊಸ ಕಾಳು ತರುತ್ತೀರಿ, ಎರಡು ಮೂರು ದಿನಕ್ಕೆ ಮೊಳಕೆ ಬರುತ್ತದೆ. "ನೀರು, ಗಾಳಿ, ಹದವಾದ ಶಾಖ ಬೇಕು" ಅಂತ ಬರೆದು, ಚಿತ್ರ ಬಿಡಿಸಿ ಮುಗಿಸುತ್ತೀರಿ. ಮೊಳೆಯದೆ ಉಳಿದ ಒಂದೆರಡು ಕಾಳು ಕಸದ ಬುಟ್ಟಿಗೆ. ನನ್ನ ತಕರಾರು ಇರುವುದು ಅಲ್ಲೇ. ಮೂರೂ ಸಿಕ್ಕ ಆ ಕಾಳು ಯಾಕೆ ಮೊಳೆಯಲಿಲ್ಲ?

ಮ್ಹಾಪಸಾದಲ್ಲಿ ಕನ್ನಡ ಓದುವ ನಿಮ್ಮಲ್ಲಿ ಹಲವರ ಮನೆಯವರಿಗೆ ಗದಗ, ಹಾವೇರಿ, ಬಾಗಲಕೋಟೆ ಕಡೆ ತುಂಡು ಹೊಲವಿದೆ. ಮಳೆ ಹಿಡಿಯುವ ಹೊತ್ತಿಗೆ ಅಪ್ಪ ಇಲ್ಲಿಯ ಕೆಲಸಕ್ಕೆ ರಜೆ ಹಾಕಿ, ಊರಿಗೆ ಹೋಗಿ ಬಿತ್ತಿ ಬರುತ್ತಾರೆ. ನಮ್ಮ ಒಬ್ಬ ವಿದ್ಯಾರ್ಥಿಯ ಅಪ್ಪ ಹಾಗೇ ಶೇಂಗಾ ಬಿತ್ತಿ ಬಂದರು. ಬೀಜ ಮನೆಯದೇ. ಹಿಂದಿನ ವರ್ಷವೇ ಇಲ್ಲಿಗೆ ತಂದು, ಸಿಪ್ಪೆ ಸುಲಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಗಡಿನ ಮಾಡಿನ ಖೋಲಿಯಲ್ಲಿ ಇಟ್ಟದ್ದು. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಸಸಿ ಎದ್ದಿತು. ಪಕ್ಕದಲ್ಲೇ ದೊಡ್ಡಪ್ಪನ ಹೊಲ ತುಂಬಿತ್ತು. ಅವರು ಅದೇ ಬೆಳೆಯ ಕಾಯಿಯನ್ನು ಸುಲಿಯದೆ ಗೋಣಿಚೀಲದಲ್ಲಿಟ್ಟು, ಬಿತ್ತುವ ಮುಂಚೆ ಸುಲಿದಿದ್ದರು. ಇವರ ಮನೆಯಲ್ಲಿ ಮಾತ್ರ "ಮಣ್ಣ ಕೆಟ್ಟೈತಿ" ಅನ್ನುವ ತೀರ್ಮಾನ.

ಹುಡುಗ ಎರಡೂ ಕಡೆಯ ಬೀಜವನ್ನು ಒಂದೊಂದು ಹಿಡಿ ತಂದ. ತರಗತಿಯಲ್ಲಿ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಊರಿನ ಬೀಜ ಹೆಚ್ಚುಕಡಿಮೆ ಎಲ್ಲವೂ ಮೊಳೆತವು. ಇಲ್ಲಿಯದರಲ್ಲಿ ಅರ್ಧವೂ ಇಲ್ಲ, ಉಳಿದವಕ್ಕೆ ಬೂಷ್ಟು. "ಸರ, ಹಂಗಾದ್ರ ನಮ್ಮ ಹೊಲದ್ದೇನೂ ತಪ್ಪಿಲ್ಲರೀ?" ಅಂದ.

ಬೀಜ ನಿದ್ದೆ ಮಾಡುತ್ತದೆ ಅಂತ ನಾವು ಮೇಷ್ಟ್ರುಗಳೇ ಹೇಳಿಕೊಡುತ್ತೇವೆ. ಆ ಮಾತು ಅರ್ಧ ಸುಳ್ಳು. ನಿದ್ದೆಯಲ್ಲಿ ದಣಿವು ಆರುತ್ತದೆ, ಚೀಲದಲ್ಲಿ ಕುಳಿತ ಬೀಜ ಸವೆಯುತ್ತಾ ಹೋಗುತ್ತದೆ. ಒಳಗೆ ತೇವ ಹೆಚ್ಚಿದರೆ ಅದು ಉಸಿರಾಡುತ್ತದೆ, ಕೂಡಿಟ್ಟ ಆಹಾರ ಖರ್ಚಾಗುತ್ತದೆ. ಚೆನ್ನಾಗಿ ಒಣಗಿದ್ದರೂ ಆಮ್ಲಜನಕ ಅದರ ಕೊಬ್ಬನ್ನು ನಿಧಾನವಾಗಿ ಕೆಡಿಸುತ್ತದೆ. ಹಳೇ ಶೇಂಗಾ ಕಮಟು ವಾಸನೆ ಬರುವುದು ಅದಕ್ಕೇ. ಕೋಶಪೊರೆಯೂ ಕೊಬ್ಬಿನಿಂದಲೇ ಆದದ್ದು, ಆದ್ದರಿಂದ ಅದೂ ಹಾಳಾಗುತ್ತದೆ. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ, ಕಿಣ್ವಗಳು, ಡಿ.ಎನ್.ಎ. ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಎಣ್ಣೆಕಾಳುಗಳಾದ ಶೇಂಗಾ, ಸೋಯಾ ಬೇಗ ಮುದಿಯಾಗುತ್ತವೆ.

ನೀರು ಕುಡಿದ ಮೇಲೆ ಬೀಜ ಮೊದಲು ಮಾಡುವ ಕೆಲಸ ರಿಪೇರಿ. ಬೇರು ಹೊರಬರುವುದು ಆಮೇಲೆ. ಪೆಟ್ಟು ಕಡಿಮೆಯಿದ್ದರೆ ರಿಪೇರಿ ಬೇಗ ಮುಗಿಯುತ್ತದೆ. ಹೆಚ್ಚಿದ್ದರೆ ಮೊಳಕೆ ತಡವಾಗುತ್ತದೆ, ಸಸಿ ಸೊಟ್ಟಗೋ ಬಡಕಲಾಗಿಯೋ ಏಳುತ್ತದೆ. ಪೊರೆ ಮುಚ್ಚಿಕೊಳ್ಳದೇ ಹೋದರೆ ಒಳಗಿನ ಸಕ್ಕರೆ, ಲವಣ ಹೊರಗೆ ಸೋರಿ ಬೂಷ್ಟಿಗೆ ಊಟವಾಗುತ್ತದೆ.

ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಹೇಳಿದ ಒಂದು ಅಂದಾಜು ಲೆಕ್ಕವಿದೆ. ಬೀಜದ ತೇವಾಂಶ ಶೇ. 1 ಇಳಿದರೆ ಅದರ ಆಯುಸ್ಸು ದುಪ್ಪಟ್ಟು, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ದುಪ್ಪಟ್ಟು. ಈಗ ತಿರುಗಿಸಿ ನೋಡಿ. ತೇವಾಂಶ ಶೇ. 8ರಿಂದ 10ಕ್ಕೆ ಏರಿದರೆ ಆಯುಸ್ಸು ಕಾಲುಭಾಗ. ಜೊತೆಗೆ ಖೋಲಿ 5 ಡಿಗ್ರಿ ಹೆಚ್ಚು ಬಿಸಿಯಾದರೆ ಎಂಟನೇ ಒಂದು ಭಾಗ. ನಮ್ಮ ಮ್ಹಾಪಸಾದ ಮಳೆಗಾಲದಲ್ಲಿ ಹಪ್ಪಳ ಒಂದು ರಾತ್ರಿಗೆ ಮೆತ್ತಗಾಗುತ್ತದೆ, ಬೀಜ ಬಿಟ್ಟೀತೇ? ಇಸ್ರೇಲಿನ ಮಸಾಡಾ ಎಂಬಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತು. ಅದಿದ್ದದ್ದು ಮರುಭೂಮಿಯ ಒಣ ಗಾಳಿಯಲ್ಲಿ. (ಹಲಸಿನ ಬೀಜದ ಕಥೆಯೇ ಬೇರೆ. ಅದು ಒಣಗಿದರೇ ಸಾಯುತ್ತದೆ. ತಿಂದ ಕೂಡಲೇ ನೆಡಿ.)

"ಮನೆ ಬೀಜ ಯಾಕೆ, ಪ್ಯಾಕೆಟ್ ತಂದರಾಯಿತು" ಅನ್ನುವವರಿದ್ದಾರೆ. ತರಲಿ, ಚೀಟಿಯನ್ನೂ ಓದಲಿ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಭತ್ತದಲ್ಲಿ ಶೇ. 80, ಶೇಂಗಾದಲ್ಲಿ ಶೇ. 70 ಇರಬೇಕು. ಪರೀಕ್ಷೆ ಮಾಡಿದ ದಿನದಿಂದ ಮೊದಲ ಅವಧಿ 9 ತಿಂಗಳು. ಆದರೆ ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಹದದಲ್ಲಿ. ಅಂಗಡಿ ಮುಂದೆ ಬಿಸಿಲಿಗೆ ನೇತುಹಾಕಿದ ಪ್ಯಾಕೆಟ್‌ಗೆ ಆ ತಾರೀಖು ಎಷ್ಟು ನಿಜ? ಮೊದಲ ಮಳೆ ಕಳಕೊಂಡ ರೈತನಿಗೆ ಬೀಜದ ದುಡ್ಡು ವಾಪಸ್ ಬಂದರೂ ಆ ಹದ ವಾಪಸ್ ಬರುವುದಿಲ್ಲ.

ಅದಕ್ಕೇ ನನ್ನ ಒತ್ತಾಯ: ಶಾಲೆಯ ಮೊಳಕೆ ಪ್ರಯೋಗದಲ್ಲಿ ಹಳೇ ಬೀಜವೂ ಇರಬೇಕು. ಮೇ ತಿಂಗಳಲ್ಲಿ, ಅಪ್ಪ ಊರಿಗೆ ಹೊರಡುವ ಮೊದಲೇ, ಬಿತ್ತುವ ಬೀಜದಿಂದ 100 ಎಣಿಸಿ ತೆಗೆಯಿರಿ. ದಪ್ಪದ್ದನ್ನೇ ಆರಿಸಬೇಡಿ, ಕೈಗೆ ಬಂದದ್ದು ಬರಲಿ. ಒದ್ದೆ ಗೋಣಿ ಅಥವಾ ಬಟ್ಟೆಯಲ್ಲಿ ಸಾಲಾಗಿಟ್ಟು ಸುತ್ತಿ ನೆರಳಲ್ಲಿಡಿ. ಶೇಂಗಾ ಆದರೆ 5ನೇ ದಿನ ಒಮ್ಮೆ, 10ನೇ ದಿನ ಒಮ್ಮೆ ಎಣಿಸಿ. ಮೊದಲ ಎಣಿಕೆ ಕಡಿಮೆಯಿದ್ದು ಎರಡನೆಯದು ಹೆಚ್ಚಿದ್ದರೆ ಬೀಜ ಬದುಕಿದೆ, ಕಸುವು ಹೋಗಿದೆ. ಪುಸ್ತಕದಲ್ಲಿ ಬರೆಯುವಾಗ ಬೀಜ ಯಾವ ಬೆಳೆಯದು, ಎಷ್ಟು ತಿಂಗಳು, ಎಲ್ಲಿ, ಯಾತರಲ್ಲಿ ಇಟ್ಟಿದ್ದರು ಅನ್ನುವುದನ್ನು ಅಮ್ಮನನ್ನು ಕೇಳಿ ಮೊದಲ ಸಾಲಿನಲ್ಲೇ ಬರೆಯಿರಿ. ಮೊಳೆಯದ ಕಾಳನ್ನು ಎಸೆಯಬೇಡಿ, ತರಗತಿಗೆ ತನ್ನಿ.